ಲಿಮಾದಲ್ಲಿ ಎರಡು ದಿನ: ಹಳೇ ಪೇಟೆಯೋ, ಕಡಲಂಚಿನ ಹೊಸ ಊರೋ?

ಪೆರುವಿಗೆ ಹೊರಟವರ ಮನಸ್ಸೆಲ್ಲ ಮಾಚು ಪಿಚು ಕಡೆಗೇ ಇರುತ್ತದೆ. ರಾಜಧಾನಿ ಲಿಮಾ ಅವರ ಲೆಕ್ಕದಲ್ಲಿ ವಿಮಾನ ಬದಲಿಸುವ ಜಾಗ, ಅಷ್ಟೇ. ರಾತ್ರಿ ಬಂದು ಮಲಗಿ, ಬೆಳಿಗ್ಗೆ ಎದ್ದು ಮಾಚು ಪಿಚುಗೆ ದಾರಿಯಾದ ಕುಸ್ಕೊ ಊರಿನ ವಿಮಾನ ಹತ್ತಿಬಿಡುತ್ತಾರೆ. ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್ ಅಥವಾ ಪ್ಯಾರಿಸ್ ದಾರಿ ಹಿಡಿದರೂ ಇಡೀ ಒಂದು ದಿನ ನುಂಗುವ ಪ್ರಯಾಣ ಇದು. ಇಳಿದಾಗ ಗಡಿಯಾರ ಹತ್ತೂವರೆ ಗಂಟೆ ಹಿಂದೆ ಹೋಗಿರುತ್ತದೆ. ಆ ಸುಸ್ತಿನಲ್ಲೇ 3,400 ಮೀಟರ್ ಎತ್ತರದ ಕುಸ್ಕೊಗೆ ಹಾರಿ, ಅಲ್ಲಿ ತಲೆ ಹಿಡಿದುಕೊಂಡು ಕೂರುವುದಕ್ಕಿಂತ ಕಡಲ ಮಟ್ಟದ ಲಿಮಾದಲ್ಲಿ ಎರಡು ದಿನ ಇದ್ದು ಹೋಗುವುದು ವಾಸಿ. ಊರಿನಲ್ಲಿ ನೋಡುವುದಕ್ಕೂ ಅಷ್ಟಿದೆ.

ಆದರೆ ಲಿಮಾ ಸುಮಾರು ಒಂದು ಕೋಟಿ ಜನರಿರುವ ಊರು. ಎರಡು ದಿನದಲ್ಲಿ ಎಲ್ಲವನ್ನೂ ಮುಟ್ಟಿ ಬರುತ್ತೇನೆ ಅಂದರೆ ಟ್ಯಾಕ್ಸಿಯಲ್ಲೇ ಅರ್ಧ ಹೊತ್ತು ಕಳೆಯುತ್ತದೆ. ಆಯ್ಕೆ ಮಾಡಲೇಬೇಕು. ಆ ಆಯ್ಕೆಗೆ ನೆರವಾಗಲಿ ಅಂತ ಈ ಬರಹ.

ಊರಿನ ನಕ್ಷೆ, ನಾಲ್ಕೇ ಮಾತಿನಲ್ಲಿ

ಉತ್ತರಕ್ಕೆ ರೀಮಾಕ್ ನದಿ. ಅದರ ದಂಡೆಯ ಮೇಲೆ ಹಳೇ ಪೇಟೆ. ಅಲ್ಲಿನವರು ಅದನ್ನು ಸೆಂಟ್ರೊ ಅನ್ನುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಎಂಟು-ಹತ್ತು ಕಿಲೋಮೀಟರ್ ಬಂದರೆ ಮಿರಾಫ್ಲೋರೆಸ್. ಪೆಸಿಫಿಕ್ ಕಡಲಿನ ಮೇಲೆ ಕಡಿದಾಗಿ ನಿಂತ ದಿಣ್ಣೆಯ ಅಂಚಿನ ಬಡಾವಣೆ ಅದು. ಅದಕ್ಕೆ ಒತ್ತಿಕೊಂಡು ಇನ್ನೂ ದಕ್ಷಿಣಕ್ಕೆ ಬರಾಂಕೊ. ವಿಮಾನ ನಿಲ್ದಾಣ ಇರುವುದು ವಾಯವ್ಯದ ಕಾಯಾವೊದಲ್ಲಿ. ಇವೆಲ್ಲದರ ನಡುವೆ ಪಶ್ಚಿಮಕ್ಕೆ ಪುಯೆಬ್ಲೊ ಲೀಬ್ರೆ ಅನ್ನುವ ಶಾಂತ ಬಡಾವಣೆ ಇದೆ. ಲಾರ್ಕೊ ಮ್ಯೂಸಿಯಂ ಅಲ್ಲಿದೆ.

ಹಳೇದು ಯಾವುದು, ಹೊಸದು ಯಾವುದು?

ಪ್ರವಾಸಿ ಪುಸ್ತಕಗಳು ಸುಲಭವಾಗಿ ಹೇಳಿಬಿಡುತ್ತವೆ: ಚರಿತ್ರೆ ಬೇಕಾದರೆ ಸೆಂಟ್ರೊ, ಹೊಸ ಊರು ಬೇಕಾದರೆ ಮಿರಾಫ್ಲೋರೆಸ್. ಈ ಲೆಕ್ಕ ಹಿಡಿದು ಹೋದರೆ ದಾರಿ ತಪ್ಪುತ್ತದೆ.

ಪೆರುವನ್ನು ಗೆದ್ದ ಸ್ಪೇನಿನ ದಂಡಿನ ನಾಯಕ ಫ್ರಾನ್ಸಿಸ್ಕೊ ಪಿಸಾರೊ ಲಿಮಾಗೆ ಅಡಿಪಾಯ ಹಾಕಿದ್ದು 1535ರ ಜನವರಿ 18ರಂದು. ನಿಜ. ಆದರೆ ಸೆಂಟ್ರೊದ ನಡುವಿನ ಪ್ಲಾಸಾ ಮಯೋರ್ ಚೌಕದಲ್ಲಿ ನಿಂತು ಸುತ್ತ ನೋಡಿ. ಉತ್ತರಕ್ಕಿರುವ ಅಧ್ಯಕ್ಷರ ಅರಮನೆ ಈಗಿನ ರೂಪಕ್ಕೆ ಬಂದದ್ದು 1938ರಲ್ಲಿ. ಕೆತ್ತನೆಯ ಮರದ ಬಾಲ್ಕನಿಗಳಿಂದ ಎಲ್ಲರ ಕ್ಯಾಮೆರಾ ಸೆಳೆಯುವ ಆರ್ಚ್‌ಬಿಷಪ್ ಅರಮನೆ 1924ರದ್ದು. ಹಳದಿ ಬಣ್ಣದ ನಗರಸಭೆ 1944ರದ್ದು. ಕಟೆಡ್ರಲ್ ಕೂಡ 1746ರ ದೊಡ್ಡ ಭೂಕಂಪದ ನಂತರ ಬಹುಪಾಲು ಮತ್ತೆ ಕಟ್ಟಿದ್ದೇ. ಚೌಕದಲ್ಲಿ ನಿಜಕ್ಕೂ ಹಳೆಯದು ಅಂದರೆ ನಡುವಿನ ಕಂಚಿನ ಕಾರಂಜಿ. ಅದು 17ನೇ ಶತಮಾನದ್ದು. ಜನ ಅದರ ಕಟ್ಟೆ ಮೇಲೆ ಬ್ಯಾಗ್ ಇಟ್ಟು, ಅದಕ್ಕೆ ಬೆನ್ನು ಮಾಡಿ ಬಾಲ್ಕನಿಗಳ ಫೋಟೊ ತೆಗೆಯುತ್ತಿರುತ್ತಾರೆ!

ಈಗ ಮಿರಾಫ್ಲೋರೆಸ್‌ಗೆ ಬನ್ನಿ. ಅಪಾರ್ಟ್‌ಮೆಂಟ್, ಕಾಫಿ ಅಂಗಡಿ, ಬ್ಯಾಂಕುಗಳ ನಡುವೆ ಸುಮಾರು ಒಂದೂವರೆ ಸಾವಿರ ವರ್ಷ ಹಳೆಯ ಮಣ್ಣಿನ ಪಿರಮಿಡ್ ಕೂತಿದೆ. ಪಿಸಾರೊ ಬರುವುದಕ್ಕೆ ಸಾವಿರ ವರ್ಷ ಮೊದಲೇ ಕಟ್ಟಿದ್ದು. ಇಂಕಾ ಸಾಮ್ರಾಜ್ಯ ಅನ್ನುವುದು ಆಗಿನ್ನೂ ಹುಟ್ಟಿರಲೇ ಇಲ್ಲ.

ಹಾಗಾಗಿ ಹಳೇದು-ಹೊಸದು ಅಂತ ಊರನ್ನು ಎರಡು ಭಾಗ ಮಾಡಬೇಡಿ. ಒಂದೇ ಬಗೆಯ ಎರಡು ಜಾಗಗಳನ್ನು ಎದುರುಬದುರು ಇಟ್ಟುಕೊಂಡು, ನಿಮಗೆ ಯಾವುದು ಸರಿ ಅಂತ ನೋಡಿ. ಇನ್ನೊಂದು ಸುಳಿವನ್ನೂ ಜೊತೆಗಿಟ್ಟುಕೊಳ್ಳಿ: ಭೂಕಂಪ. ಲಿಮಾದಲ್ಲಿ ಯಾವ ಕಟ್ಟಡ ಯಾಕೆ ಹಾಗಿದೆ ಅನ್ನುವುದಕ್ಕೆ ಬಹಳ ಸಲ ಉತ್ತರ ಅದೇ. ಹೋಟೆಲ್ಲು, ಮ್ಯೂಸಿಯಂ, ಮಾಲ್, ಎಲ್ಲಿ ಹೋದರೂ ಗೋಡೆ ಮೇಲೆ ಹಸಿರು ಬಣ್ಣದ 'ಎಸ್' ಅಕ್ಷರದ ಬೋರ್ಡು ಕಾಣುತ್ತದೆ. ನೆಲ ನಡುಗಿದರೆ ಬಂದು ನಿಲ್ಲಬೇಕಾದ ಜಾಗ ಅದು. ಹೋದ ತಕ್ಷಣ ಕಣ್ಣಾಡಿಸಿ ನೋಡಿಟ್ಟುಕೊಂಡರೆ ತಪ್ಪೇನಿಲ್ಲ.

ಎರಡು ಮಠ: ಸಾನ್ ಫ್ರಾನ್ಸಿಸ್ಕೊ ಅಥವಾ ಸಾಂತೊ ದೊಮಿಂಗೊ

ಸೆಂಟ್ರೊದಲ್ಲಿ ಚರ್ಚುಗಳಿಗೆ ಲೆಕ್ಕವಿಲ್ಲ. ಒಂದರ ಹಿಂದೆ ಒಂದು ನೋಡುತ್ತಾ ಹೋದರೆ ಮೂರನೆಯದಕ್ಕೆ ಎಲ್ಲ ಒಂದೇ ಥರ ಕಾಣಲು ಶುರುವಾಗುತ್ತವೆ. ಎರಡರಲ್ಲಿ ಒಂದನ್ನು ಆರಿಸಿ, ಸಮಾಧಾನವಾಗಿ ನೋಡಿ.

ಸಾನ್ ಫ್ರಾನ್ಸಿಸ್ಕೊ ಪ್ರಸಿದ್ಧವಾಗಿರುವುದು ಅದರ ನೆಲಮಾಳಿಗೆಯ ಸಮಾಧಿಗಳಿಂದ. 1808ರಲ್ಲಿ ಊರಾಚೆ ಸಾರ್ವಜನಿಕ ಸ್ಮಶಾನ ಆಗುವ ತನಕ ಲಿಮಾದ ಜನರನ್ನು ಚರ್ಚುಗಳ ಕೆಳಗೇ ಹೂಳುತ್ತಿದ್ದರು. ಇಲ್ಲಿ ಸುಮಾರು 25,000 ಜನರನ್ನು ಹೂತಿರಬಹುದು ಎಂಬ ಅಂದಾಜಿದೆ. ಗೈಡ್ ಹಿಂದೆ ಬಗ್ಗಿಕೊಂಡು ಇಳಿಯಬೇಕು. ಚಾವಣಿ ತಗ್ಗು, ಓಣಿ ಇಕ್ಕಟ್ಟು. ಅಕ್ಕಪಕ್ಕದ ತೊಟ್ಟಿಗಳಲ್ಲಿ ತೊಡೆಮೂಳೆಗಳ ರಾಶಿ. ಕೊನೆಯಲ್ಲಿ ಒಂದು ದುಂಡನೆಯ ಬಾವಿ ಬರುತ್ತದೆ. ಅದರ ತಳದಲ್ಲಿ ಮೂಳೆ, ತಲೆಬುರುಡೆಗಳನ್ನು ಸುತ್ತು ಸುತ್ತಾಗಿ, ರಂಗೋಲಿ ಎಳೆಯಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದಾರೆ. ಹೀಗೆ ಜೋಡಿಸಿದ್ದು ಹೂತವರಲ್ಲ, 20ನೇ ಶತಮಾನದಲ್ಲಿ ಅಗೆದು ತೆಗೆದವರು. ಫೋಟೊ ತೆಗೆಯುವ ಹಾಗಿಲ್ಲ.

ಮೂಳೆಗಳನ್ನು ಬಿಟ್ಟರೂ ಇಲ್ಲಿ ನೋಡಲು ಬೇಕಾದಷ್ಟಿದೆ. ಸುರುಳಿ ಮೆಟ್ಟಿಲಿನ ಹಳೇ ಗ್ರಂಥಾಲಯ ನನಗೆ ಸಮಾಧಿಗಳಿಗಿಂತ ಜಾಸ್ತಿ ಇಷ್ಟ. ಊಟದ ಮನೆಯಲ್ಲಿ ಕ್ರಿಸ್ತನ ಕೊನೆಯ ಊಟದ ದೊಡ್ಡ ಚಿತ್ರವಿದೆ. ಅದರಲ್ಲಿ ಮೇಜಿನ ಮೇಲಿರುವುದು ಗಿನಿಪಿಗ್. ಆಂಡೀಸ್ ಕಡೆಯವರು ಹಬ್ಬಕ್ಕೆ ಮಾಡುವ ಅಡುಗೆ ಅದು. ಸ್ಪೇನಿನ ದೇವರು ಇಲ್ಲಿಗೆ ಬಂದ ಮೇಲೆ ಇಲ್ಲಿನ ಊಟವನ್ನೇ ಉಣ್ಣಬೇಕಾಯಿತು ನೋಡಿ. ತಲೆಯೆತ್ತಿ ಚಾವಣಿಯನ್ನೂ ಗಮನಿಸಿ. ಕಲ್ಲಿನಂತೆ ಕಾಣುವ ಕಮಾನುಗಳು ಕಲ್ಲಿನವಲ್ಲ. ಮರದ ಚೌಕಟ್ಟಿಗೆ ಜೊಂಡು ಹೆಣೆದು, ಮೇಲೆ ಮಣ್ಣು-ಗಾರೆ ಮೆತ್ತಿದ ತಟ್ಟಿಗಳು. ಕಿಂಚಾ ಅಂತ ಅದರ ಹೆಸರು. ಕಲ್ಲಿನ ಚಾವಣಿ ಭೂಕಂಪಕ್ಕೆ ಕುಸಿದು ಜನರ ತಲೆ ಮೇಲೆ ಬಿದ್ದ ಮೇಲೆ ಲಿಮಾದವರು ಇಂಥ ಹಗುರ ಚಾವಣಿಗೆ ಬಂದರು. ಕಟೆಡ್ರಲ್‌ನ ಕಮಾನುಗಳದ್ದೂ ಇದೇ ಕತೆ.

ಸಾಂತೊ ದೊಮಿಂಗೊ ಇದರಷ್ಟು ಗದ್ದಲದ ಜಾಗವಲ್ಲ. ಸ್ಪೇನಿನ ಸೆವಿಲ್ಯಾ ಊರಿನ ಬಣ್ಣದ ಹೆಂಚು ಹಚ್ಚಿದ ಅಂಗಳ, ನಡುವೆ ತೋಟ, ಕೂರಲು ನೆರಳು. ಲಿಮಾದವರು ತುಂಬ ನಂಬುವ ಸಂತ ರೋಸಾ ಮತ್ತು ಸಂತ ಮಾರ್ಟಿನ್ ದೆ ಪೋರೆಸ್ ಇಬ್ಬರ ಅವಶೇಷಗಳೂ ಇಲ್ಲಿವೆ. 1551ರಲ್ಲಿ ಸಾನ್ ಮಾರ್ಕೋಸ್ ವಿಶ್ವವಿದ್ಯಾಲಯ ಶುರುವಾದದ್ದು ಇದೇ ಮಠದಲ್ಲಿ. ಗೈಡ್ ಜೊತೆ ಗಂಟೆ ಗೋಪುರ ಹತ್ತಿದರೆ ಹಳೇ ಪೇಟೆಯ ಚಾವಣಿಗಳೆಲ್ಲ ಕಾಣುತ್ತವೆ. ಚಿಕ್ಕ ಮಕ್ಕಳಿದ್ದರೆ, ಇಕ್ಕಟ್ಟಿನ ಜಾಗದಲ್ಲಿ ಉಸಿರು ಕಟ್ಟುವವರಿದ್ದರೆ, ಮೂಳೆ ನೋಡಿ ಊಟ ಸೇರದವರಿದ್ದರೆ ಸುಮ್ನೆ ಇಲ್ಲಿಗೇ ಬನ್ನಿ. ಉಳಿದವರಿಗೆ ಸಾನ್ ಫ್ರಾನ್ಸಿಸ್ಕೊ.

ಕಟೆಡ್ರಲ್ ಒಳಗೆ ಪಿಸಾರೊ ಸಮಾಧಿ ಇದೆ. 1541ರಲ್ಲಿ ಅವನನ್ನು ಅವನ ಮನೆಯಲ್ಲೇ ಎದುರಾಳಿಗಳು ಕೊಂದರು. ಬಹಳ ವರ್ಷ ಬೇರೆ ಯಾರದೋ ಒಣಗಿದ ದೇಹವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು 'ಇದೇ ಪಿಸಾರೊ' ಅಂತ ತೋರಿಸುತ್ತಿದ್ದರು. 1977ರಲ್ಲಿ ಕಟೆಡ್ರಲ್‌ನಲ್ಲಿ ಕೆಲಸ ಮಾಡುತ್ತಿದ್ದವರಿಗೆ ಹೆಸರು ಕೆತ್ತಿದ ಸೀಸದ ಪೆಟ್ಟಿಗೆ ಸಿಕ್ಕಿತು. ಒಳಗಿದ್ದದ್ದು ಅವನ ತಲೆಬುರುಡೆ. ಆಮೇಲೆ ನಿಜವಾದ ಮೂಳೆಗಳು ಆ ಜಾಗಕ್ಕೆ ಬಂದವು. ಕತೆ ಚೆನ್ನಾಗಿದೆ. ಹೊತ್ತು ಕಡಿಮೆ ಇದ್ದರೆ ಕತೆ ಕೇಳಿದ್ದೇ ಸಾಕು, ಮಠಕ್ಕೆ ಹೋಗಿ.

ಸೆಂಟ್ರೊಗೆ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಮಧ್ಯಾಹ್ನ 12ಕ್ಕೆ ಅರಮನೆ ಮುಂದೆ ಕಾವಲುಗಾರರ ಬದಲಾವಣೆ ಬ್ಯಾಂಡು ಸಮೇತ ನಡೆಯುತ್ತದೆ. ಆದರೆ ಇದು ಸರ್ಕಾರದ ಎದೆಯಂಗಳ. ರಾಜಕೀಯ ಪ್ರತಿಭಟನೆ ಇದ್ದ ದಿನ ಪೊಲೀಸರು ಚೌಕದ ಸುತ್ತ ಬೇಲಿ ಹಾಕಿಬಿಡುತ್ತಾರೆ. ಹಿಂದಿನ ದಿನ ಹೋಟೆಲ್‌ನಲ್ಲಿ ವಿಚಾರಿಸಿಕೊಂಡು ಹೊರಡಿ. ಒಂದೆರಡು ಬೀದಿ ಆಚೆ ಇರುವ ತೊರ್ರೆ ತಾಗ್ಲೆ ಮನೆಯನ್ನು ಹೊರಗಿನಿಂದಲಾದರೂ ನೋಡಿ. 1735ರದ್ದು, ಈಗ ವಿದೇಶಾಂಗ ಸಚಿವಾಲಯದ ಕೈಲಿದೆ. ಹೊರಚಾಚಿದ ಅದರ ಎರಡು ಮರದ ಬಾಲ್ಕನಿಗಳು ಪೂರ್ತಿ ಮುಚ್ಚಿದವು, ಜಾಲರಿಯಂಥ ಕೆತ್ತನೆಯವು. ಒಳಗಿದ್ದವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಒಳಗಿನವರು ಕಾಣುವುದಿಲ್ಲ. ಚೌಕದ ಸುತ್ತಲಿನ 20ನೇ ಶತಮಾನದ ಬಾಲ್ಕನಿಗಳೆಲ್ಲ ಇಂಥವನ್ನು ನೋಡಿ ಮಾಡಿದ ನಕಲು.

ಎರಡು ಮಣ್ಣಿನ ದಿಬ್ಬ: ಪುಕ್ಲಾನಾ ಅಥವಾ ಪಾಚಾಕಾಮಾಕ್

ಲಿಮಾದಲ್ಲಿ ಒಂದೇ ಒಂದು ಜಾಗ ನೋಡಲು ಹೊತ್ತಿದೆ ಅಂದರೆ ನಾನು ಕಳಿಸುವುದು ವಾಕಾ ಪುಕ್ಲಾನಾಗೆ, ಅಂದರೆ ಮಿರಾಫ್ಲೋರೆಸ್‌ನ ಅದೇ ಮಣ್ಣಿನ ಪಿರಮಿಡ್‌ಗೆ.

ಇಂಕಾಗಳಿಗಿಂತ ಬಹಳ ಹಿಂದಿನ, ಲಿಮಾ ಸಂಸ್ಕೃತಿ ಅಂತಲೇ ಕರೆಯುವ ಜನ ಕಟ್ಟಿದ್ದು ಇದು. ಇಪ್ಪತ್ತು ಮೀಟರಿಗಿಂತ ಎತ್ತರ. ಪೂರ್ತಿ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯದ್ದು. ದೂರದಿಂದ ಮಣ್ಣಿನ ಗುಡ್ಡೆ ಥರ ಕಾಣುತ್ತದೆ, 'ಇಷ್ಟೇನಾ?' ಅನಿಸುತ್ತದೆ. ಹತ್ತಿರ ಹೋಗಿ ಗೋಡೆಯ ಮುಂದೆ ಒಂದು ನಿಮಿಷ ನಿಲ್ಲಿ. ನಾವು ಇಟ್ಟಿಗೆಯನ್ನು ಮಲಗಿಸಿ ಕಟ್ಟುತ್ತೇವೆ, ಅಲ್ವಾ? ಇವರು ನಿಲ್ಲಿಸಿದ್ದಾರೆ. ಅಂಗೈ ಅಗಲದ ಇಟ್ಟಿಗೆಗಳು ಸಾಲಾಗಿ, ಗೂಡಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ನಿಂತಿವೆ. ಒಂದಕ್ಕೊಂದರ ನಡುವೆ ಬೆರಳು ತೂರುವಷ್ಟು ಸಂದು. ಅದರ ಮೇಲೆ ಮಣ್ಣಿನ ಪದರ, ಮತ್ತೆ ಇನ್ನೊಂದು ಸಾಲು. ನೆಲ ಅಲುಗಿದಾಗ ಈ ಸಂದುಗಳಲ್ಲಿ ಇಟ್ಟಿಗೆಗಳು ಸ್ವಲ್ಪ ಸ್ವಲ್ಪ ಸರಿದಾಡಿ, ಅಲುಗಾಟವನ್ನು ಅಲ್ಲೇ ನುಂಗಿಕೊಳ್ಳುತ್ತವೆ. ಗೋಡೆ ಒಡೆಯುವುದಿಲ್ಲ. ಪುಸ್ತಕದ ಗೂಡಿನ ಕಟ್ಟುವಿಕೆ ಅಂತಲೇ ಅಲ್ಲಿನ ಪುರಾತತ್ವದವರು ಇದನ್ನು ಕರೆಯುತ್ತಾರೆ. ಸ್ಪೇನಿನವರ ಕಲ್ಲಿನ ಚಾವಣಿಗಳು ಉದುರಿದ ಊರಿನಲ್ಲಿ ಈ ಹಸಿ ಮಣ್ಣು ಇವತ್ತಿಗೂ ನಿಂತಿದೆ.

ನಿಂತಿದ್ದು ಪೂರ್ತಿಯಲ್ಲ ಅನ್ನುವುದೂ ನಿಜ. ಬಡಾವಣೆ ಬೆಳೆಯುತ್ತಾ ಹೋದ ಹಾಗೆ ಮಗ್ಗುಲುಗಳನ್ನು ಕತ್ತರಿಸಿ ರಸ್ತೆ, ಮನೆ ಮಾಡಿದರು. ಭೂಕಂಪ ಮಾಡದ ಹಾನಿಯನ್ನು ಸೈಟುಗಳು ಮಾಡಿದವು. ಗಂಭೀರವಾಗಿ ಅಗೆದು ಉಳಿಸುವ ಕೆಲಸ ಶುರುವಾದದ್ದು 1981ರಲ್ಲಿ. ಈಗಲೂ ನೀವು ಹೋದಾಗ ಯಾವುದೋ ಮೂಲೆಯಲ್ಲಿ ಬ್ರಷ್ ಹಿಡಿದು ಮಣ್ಣು ಕೆದಕುತ್ತಾ ಕೂತವರು ಕಾಣಬಹುದು. ಗೈಡ್ ಜೊತೆಗೇ ಸುತ್ತಬೇಕು, ಒಂದು ಗಂಟೆ ಸಾಕು. ಕೆಳಗೆ ಲಾಮಾ, ಗಿನಿಪಿಗ್ ಸಾಕಿದ್ದಾರೆ, ಹಳೇ ಬೆಳೆಗಳನ್ನು ಬೆಳೆದು ತೋರಿಸುತ್ತಾರೆ. ಮಕ್ಕಳಿಗೆ ಅದೇ ಹಬ್ಬ. ಮಂಗಳವಾರ ರಜೆ ಇರುತ್ತದೆ, ನೆನಪಿಡಿ.

ಪಾಚಾಕಾಮಾಕ್ ಇದಕ್ಕಿಂತ ತುಂಬ ದೊಡ್ಡದು. ಊರಿನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್. ಹಲವು ಶತಮಾನ ಕಾಲ ದೂರದೂರದ ಜನ ಕಣಿ ಕೇಳಲು ಬರುತ್ತಿದ್ದ ಯಾತ್ರಾಸ್ಥಳ. ಇಂಕಾಗಳು ಈ ನಾಡನ್ನು ಗೆದ್ದ ಮೇಲೂ ಇಲ್ಲಿನ ದೇವರನ್ನು ಮುಟ್ಟಲಿಲ್ಲ, ಪಕ್ಕದಲ್ಲಿ ತಮ್ಮ ಸೂರ್ಯ ದೇಗುಲ ಕಟ್ಟಿಕೊಂಡರು. 1533ರಲ್ಲಿ ಚಿನ್ನ ಹುಡುಕುತ್ತಾ ಬಂದ ಸ್ಪೇನಿನವರಿಗೆ ಅಷ್ಟು ತಾಳ್ಮೆ ಇರಲಿಲ್ಲ. 1938ರಲ್ಲಿ ಸಿಕ್ಕ ಕೆತ್ತನೆಯ ಮರದ ದೇವರ ಕಂಬ ಅಲ್ಲಿನ ಮ್ಯೂಸಿಯಂನಲ್ಲಿದೆ. ಸೂರ್ಯ ದೇಗುಲದ ಮೇಲಿನಿಂದ ಕಡಲು ಕಾಣುತ್ತದೆ.

ಇಷ್ಟೆಲ್ಲ ಇದ್ದರೂ ಅದಕ್ಕೆ ಅರ್ಧ ದಿನ ಬೇಕು. ನೆರಳಿಲ್ಲ, ಧೂಳು ಜಾಸ್ತಿ, ನಡೆಯುವುದು ಜಾಸ್ತಿ. ಲಿಮಾದಲ್ಲಿ ಮೂರನೇ ದಿನ ಸಿಕ್ಕರೆ, ಅಥವಾ ಕುಸ್ಕೊ ಕಡೆ ಹೋಗುವ ಯೋಚನೆಯೇ ಇಲ್ಲದಿದ್ದರೆ ಪಾಚಾಕಾಮಾಕ್ ಸರಿ. ಕುಸ್ಕೊಗೆ ಹೋಗುವವರು ಇಂಕಾ ಕಟ್ಟಡಗಳನ್ನು ಅಲ್ಲಿ ಹೇಗೂ ಹೊಟ್ಟೆ ತುಂಬ ನೋಡುತ್ತಾರೆ. ಪುಕ್ಲಾನಾದ ನಿಂತ ಇಟ್ಟಿಗೆಗಳು ಮಾತ್ರ ಅಲ್ಲಿ ಸಿಗುವುದಿಲ್ಲ.

ಮ್ಯೂಸಿಯಂ ಒಂದೇ ಅಂದರೆ

ಲಾರ್ಕೊ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. 1926ರಲ್ಲಿ ರಫಾಯೆಲ್ ಲಾರ್ಕೊ ಹೊಯ್ಲೆ ಶುರು ಮಾಡಿದ ಖಾಸಗಿ ಸಂಗ್ರಹ. ಈಗ 18ನೇ ಶತಮಾನದ ಬಿಳಿ ಬಂಗಲೆಯೊಂದರಲ್ಲಿದೆ. ಅಂಗಳದ ತುಂಬ ಬೋಗನ್‌ವಿಲ್ಲಾ. ಇಂಕಾಗಳಿಗೂ ಹಿಂದಿನ ಮೋಚೆ ಜನರ ಮುಖದ ಮಡಕೆಗಳ ಮುಂದೆ ನಿಂತರೆ ಕಾಲು ಕೀಳಲು ಮನಸ್ಸಾಗುವುದಿಲ್ಲ. ಒಬ್ಬ ನಗುತ್ತಿದ್ದಾನೆ, ಒಬ್ಬನ ಒಂದು ಕಣ್ಣು ಹೋಗಿದೆ, ಒಬ್ಬ ಯಾವುದಕ್ಕೋ ಸಿಡುಕಿದ್ದಾನೆ. ಇವು ಕಲ್ಪನೆಯ ಮುಖಗಳಲ್ಲ, ನಿಜವಾಗಿ ಬದುಕಿದ್ದವರ ಮುಖ. ಇನ್ನೊಂದು ಬೇರೆಲ್ಲೂ ಸುಲಭಕ್ಕೆ ಸಿಗದ ಸಂಗತಿ ಎಂದರೆ ಇವರ ಉಗ್ರಾಣ. ಪ್ರದರ್ಶನಕ್ಕೆ ಇಡದ ಸಾವಿರಾರು ಮಡಕೆಗಳನ್ನು ನೆಲದಿಂದ ಚಾವಣಿ ತನಕ ಗಾಜಿನ ಕಪಾಟುಗಳಲ್ಲಿ ಜೋಡಿಸಿ, ನೋಡುವವರಿಗೂ ತೆರೆದಿಟ್ಟಿದ್ದಾರೆ. ಕಾಮದ ಚಿತ್ರಣವಿರುವ ಮಡಕೆಗಳಿಗೆ ಬೇರೆ ಕೋಣೆ ಇದೆ. ಮಕ್ಕಳ ಜೊತೆ ಹೋದವರು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು, ಆಮೇಲೆ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತದೆ!

ಟಿಕೆಟ್ ಲಿಮಾದ ಮಟ್ಟಿಗೆ ದುಬಾರಿ. ದುಡ್ಡು ಹಿಡಿದು ನಡೆಸುವವರಿಗೆ ಸೆಂಟ್ರೊದಲ್ಲಿ ಕೇಂದ್ರ ಬ್ಯಾಂಕಿನ ಮ್ಯೂಸಿಯಂ ಇದೆ. ಪ್ರವೇಶ ಉಚಿತ, ಹಳೇ ಮಡಕೆಗಳೂ ಚಿನ್ನದ ಒಡವೆಗಳೂ ಇವೆ.

ಹೊಸ ಕಾಲದ ಪೆರು ಹೇಗಾಯಿತು ಅಂತ ತಿಳಿಯಬೇಕು ಅನ್ನುವವರಿಗೆ ಬೇರೆಯದೇ ಜಾಗ ಇದೆ. ಮಿರಾಫ್ಲೋರೆಸ್‌ನ ದಿಣ್ಣೆಯ ಇಳಿಜಾರಿನಲ್ಲಿ 2015ರಲ್ಲಿ ತೆರೆದ ನೆನಪಿನ ಮ್ಯೂಸಿಯಂ. ಲುಮ್ ಅಂತ ಚಿಕ್ಕದಾಗಿ ಕರೆಯುತ್ತಾರೆ. 1980ರಿಂದ 2000ದ ತನಕ ಶೈನಿಂಗ್ ಪಾತ್ ಬಂಡುಕೋರರು ಮತ್ತು ಸೇನೆಯ ನಡುವೆ ಸಿಕ್ಕಿ ಸತ್ತವರ ಕತೆ ಇಲ್ಲಿದೆ. ಸತ್ತವರು ಸುಮಾರು 69,000 ಎಂದು ಸತ್ಯಶೋಧನಾ ಆಯೋಗ ಅಂದಾಜಿಸಿತ್ತು. ಅವರಲ್ಲಿ ಬಹಳ ಮಂದಿ ಬೆಟ್ಟದ ಮೇಲಿನ ಕೆಚುವಾ ಮಾತಾಡುವ ಬಡ ರೈತರು. ಮನೆಯವರ ಫೋಟೊ ಹಿಡಿದು ಮಾತಾಡುವವರ ವಿಡಿಯೊಗಳನ್ನು ಆಳೆತ್ತರದ ಪರದೆಗಳಲ್ಲಿ ಹಾಕಿದ್ದಾರೆ. ಉಚಿತ ಪ್ರವೇಶ. ರಜೆಯ ಖುಷಿಗೆ ಹೊಂದುವ ಜಾಗವಲ್ಲ. ಆದರೂ ಎರಡು ದಿನ ಲಿಮಾದ ಥಳಕು ನೋಡಿದವರು ಒಂದು ಗಂಟೆ ಇಲ್ಲಿಗೂ ಕೊಡಬಹುದು.

ಮಿರಾಫ್ಲೋರೆಸ್ ಅಥವಾ ಬರಾಂಕೊ: ಉಳಿಯುವುದೆಲ್ಲಿ?

ಮೊದಲ ಸಲ ಹೋಗುವವರಿಗೆ, ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಮಿರಾಫ್ಲೋರೆಸ್ ಸುಲಭ. ಫುಟ್‌ಪಾತ್ ಸರಿಯಾಗಿದೆ, ರಾತ್ರಿ ಜನ ಓಡಾಡುತ್ತಾರೆ, ಪುಕ್ಲಾನಾ ಹತ್ತಿರದಲ್ಲೇ ಇದೆ. ದಿಣ್ಣೆಯಂಚಿನ ಉದ್ದಕ್ಕೂ ಪಾರ್ಕುಗಳ ಸಾಲು. ಮಲೆಕೋನ್ ಅಂತ ಅದಕ್ಕೆ ಹೆಸರು. 1993ರ ಪ್ರೇಮಿಗಳ ದಿನದಂದು ತೆರೆದ ಪ್ರೇಮದ ಪಾರ್ಕು, ಅಲ್ಲಿ ವಿಕ್ಟರ್ ದೆಲ್ಫಿನ್ ಮಾಡಿದ ಮುತ್ತಿಡುವ ಜೋಡಿಯ ಭಾರೀ ವಿಗ್ರಹ, ತಲೆ ಮೇಲೆ ಹಾರುವ ಪ್ಯಾರಾಗ್ಲೈಡರುಗಳು, ಲೈಟ್‌ಹೌಸ್. ಲಾರ್ಕೊಮಾರ್ ಅನ್ನುವ ಮಾಲ್ 1998ರಲ್ಲಿ ದಿಣ್ಣೆಯನ್ನೇ ಕೊರೆದು ಕಟ್ಟಿದ್ದು. ರಸ್ತೆಯಿಂದ ಅದು ಕಾಣುವುದೇ ಇಲ್ಲ, ಕಡಲ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಒಳಗಿನ ಅಂಗಡಿಗಳು ಎಲ್ಲ ದೇಶದಲ್ಲೂ ಇರುವವೇ. ಕಡಲು ನೋಡಿಕೊಂಡು ಹೊರಬನ್ನಿ. ಕೆನೆಡಿ ಪಾರ್ಕಿನಲ್ಲಿ ಬೆಕ್ಕುಗಳ ಹಿಂಡೇ ಇದೆ. ಬೆಂಚಿನ ಮೇಲೆ ಕೂತರೆ ಒಂದಾದರೂ ಬಂದು ಮಡಿಲಲ್ಲಿ ಮಲಗುತ್ತದೆ.

ಬರಾಂಕೊ ಸ್ವಲ್ಪ ಬೇರೆ ಬಗೆಯವರಿಗೆ. 19ನೇ ಶತಮಾನದಲ್ಲಿ ಲಿಮಾದ ಉಳ್ಳವರು ಬೇಸಿಗೆ ಕಳೆಯಲು ಬರುತ್ತಿದ್ದ ಊರು. ಈಗ ಆ ಬಂಗಲೆಗಳೆಲ್ಲ ಕಾಫಿ ಅಂಗಡಿ, ಗ್ಯಾಲರಿ, ಬಾರ್ ಆಗಿವೆ. ಗೋಡೆಗಳ ತುಂಬ ಚಿತ್ರ. ನಿಟ್ಟುಸಿರಿನ ಸೇತುವೆ ಅಂತ ಹೆಸರಾದ 1876ರ ಮರದ ಸೇತುವೆಯನ್ನು ಮೊದಲ ಸಲ ಉಸಿರು ಬಿಗಿ ಹಿಡಿದು ದಾಟಿದರೆ ಬಯಸಿದ್ದು ಈಡೇರುತ್ತದಂತೆ. ಸೆಲ್ಫಿ ತೆಗೆಯುವವರ ಗುಂಪು ನಡುವೆ ಸಿಕ್ಕಿಕೊಂಡರೆ ಉಸಿರು ಹಿಡಿಯುವುದು ಕಷ್ಟವೇ. ಕಟ್ಟಡಗಳಲ್ಲಿ ಆಸಕ್ತಿ ಇರುವವರು ಮರೆಯದೆ ಯುಟೆಕ್ ಇಂಜಿನಿಯರಿಂಗ್ ವಿಶ್ವವಿದ್ಯಾಲಯವನ್ನು ನೋಡಿ. ಐರ್ಲೆಂಡಿನ ಗ್ರಾಫ್ಟನ್ ಆರ್ಕಿಟೆಕ್ಟ್ಸ್ ಮಾಡಿದ್ದು. 2016ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ ಮೊದಲ ಸಲ ಕೊಟ್ಟ ಅಂತರರಾಷ್ಟ್ರೀಯ ಬಹುಮಾನ ಇದಕ್ಕೇ ಬಂತು. ರಸ್ತೆ ಕಡೆಯಿಂದ ನೋಡಿದರೆ ಮಣಭಾರದ ಕಾಂಕ್ರೀಟ್ ಬಂಡೆ. ಇನ್ನೊಂದು ಕಡೆಯಿಂದ ನೋಡಿದರೆ ಹಸಿರು ತುಂಬಿದ ಮಹಡಿಗಳ ಇಳಿಜಾರು. ಲಿಮಾದಲ್ಲಿ ಹೊಸತು ಅಂದರೆ ಮಾಲ್ ಅಲ್ಲ, ಇದು ಅನ್ನುವುದು ನನ್ನ ಮತ.

ಶುಕ್ರವಾರ, ಶನಿವಾರ ರಾತ್ರಿ ಬರಾಂಕೊದಲ್ಲಿ ಗದ್ದಲ ಜೋರು. ನಿದ್ದೆ ಬೇಕಾದವರು ಮಿರಾಫ್ಲೋರೆಸ್‌ನಲ್ಲಿ ರೂಮ್ ಹಿಡಿದು, ಬರಾಂಕೊಗೆ ಮಧ್ಯಾಹ್ನ ಹೋಗಿ ಕತ್ತಲಾದ ಮೇಲೆ ವಾಪಸ್ ಬನ್ನಿ. ಸೆಂಟ್ರೊದಲ್ಲಿ ರೂಮ್ ಅಗ್ಗ. ಆದರೆ ಅಂಗಡಿ ಮುಚ್ಚಿದ ಮೇಲೆ ಹಲವು ಬೀದಿಗಳು ಬಿಕೋ ಅನ್ನುತ್ತವೆ. ಹೊಸಬರಿಗೆ ಬೇಡ.

ಸಂಜೆಗೆ

ರೆಸೆರ್ವಾ ಪಾರ್ಕಿನಲ್ಲಿ 2007ರಿಂದ ನಡೆಯುವ ನೀರಿನ ಕಾರಂಜಿಗಳ ಮೇಳ ಇದೆ. 13 ಕಾರಂಜಿ, ಒಂದು 80 ಮೀಟರ್ ಎತ್ತರಕ್ಕೆ ಚಿಮ್ಮುತ್ತದೆ, ನೀರಿನ ಪರದೆ ಮೇಲೆ ಲೇಸರ್ ಆಟ. ಟಿಕೆಟ್ ಕೆಲವೇ ಸೋಲ್ (ಪೆರುವಿನ ಹಣ). ಮಕ್ಕಳಿದ್ದರೆ ಹೋಗಿ, ಇಲ್ಲದಿದ್ದರೆ ಬಿಟ್ಟರೂ ನಷ್ಟವಿಲ್ಲ. ಪುಕ್ಲಾನಾದಲ್ಲಿ ಕೆಲವು ದಿನ ರಾತ್ರಿಯೂ ಒಳಗೆ ಬಿಡುತ್ತಾರೆ. ದೀಪದ ಬೆಳಕಿನಲ್ಲಿ ನಿಂತ ಇಟ್ಟಿಗೆಗಳ ಸಂದು ಹಗಲಿಗಿಂತ ಚೆನ್ನಾಗಿ ಎದ್ದು ಕಾಣುತ್ತದೆ. ದೊಡ್ಡವರೇ ಹೋಗುವುದಾದರೆ ಎರಡರಲ್ಲಿ ಇದೇ ಮೇಲು.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಮೀನು ತಿನ್ನುವವರಿಗೆ ಲಿಮಾ ಸ್ವರ್ಗ. ನಿಂಬೆರಸದಲ್ಲಿ ನೆನೆಸಿದ ಹಸಿ ಮೀನಿನ ಸೆವಿಚೆಯನ್ನು ಮಧ್ಯಾಹ್ನಕ್ಕೇ ತಿನ್ನಬೇಕು. ಬೆಳಗಿನ ಮೀನು ರಾತ್ರಿಗೆ ತಾಜಾ ಅಲ್ಲ ಅನ್ನುವುದು ಅಲ್ಲಿನವರ ನಂಬಿಕೆ. 2023ರಲ್ಲಿ ಜಗತ್ತಿನ ಉತ್ತಮ ರೆಸ್ಟೋರೆಂಟ್ ಅನಿಸಿಕೊಂಡ ಸೆಂಟ್ರಲ್ ಬರಾಂಕೊದಲ್ಲಿದೆ, 2025ರಲ್ಲಿ ಆ ಪಟ್ಟಕ್ಕೇರಿದ ಮೈದೊ ಮಿರಾಫ್ಲೋರೆಸ್‌ನಲ್ಲಿದೆ. ಎರಡಕ್ಕೂ ಬಹಳ ಮುಂಚೆ ಬುಕ್ ಮಾಡಬೇಕು, ಜೇಬೂ ಗಟ್ಟಿ ಇರಬೇಕು.

ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ, ಆದರೆ ಕೇಳುವ ರೀತಿ ಗೊತ್ತಿರಬೇಕು. ಮಾಂಸ ಬೇಡ ಅಂದರೆ ಕೋಳಿ ತಂದಿಡುವುದು ಅಲ್ಲಿ ಮಾಮೂಲು. 'ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ' ಅಂತ ಮಾಂಸ, ಕೋಳಿ, ಮೀನು ಮೂರನ್ನೂ ಬಿಡಿಸಿ ಹೇಳಿ. ಸೆಂಟ್ರೊದ ಚೈನಾಟೌನ್‌ನಲ್ಲಿ ಚೀಫಾ ಅನ್ನುವ ಪೆರು-ಚೀನಿ ಹೋಟೆಲ್‌ಗಳು ಸಾಲಾಗಿವೆ. 1849ರಿಂದ ಕಬ್ಬು, ಹತ್ತಿ ತೋಟಗಳಿಗೆ ಕೂಲಿಗಳಾಗಿ ಬಂದ ಚೀನೀಯರ ಮಕ್ಕಳು-ಮೊಮ್ಮಕ್ಕಳು ಬೆಳೆಸಿದ ಅಡುಗೆ ಅದು. ತರಕಾರಿ ಹಾಕಿದ ಚೌಫಾ ಅನ್ನ ಅಲ್ಲಿ ಸುಲಭಕ್ಕೆ ಸಿಗುತ್ತದೆ. ಚೀಸು ಮತ್ತು ಹಳದಿ ಮೆಣಸಿನಕಾಯಿ ಅರೆದು ಮಾಡಿದ ಗೊಜ್ಜನ್ನು ಬೇಯಿಸಿದ ಆಲೂಗಡ್ಡೆ ಮೇಲೆ ಸುರಿದು ಕೊಡುವ ಪಾಪಾ ಅ ಲಾ ವಾಂಕಾಯೀನಾ ಕೂಡ ಸಿಗುತ್ತದೆ. ಮೇಲಿನ ಮೊಟ್ಟೆ ತೆಗೆಸಿ.

ಮಾರ್ಕೆಟ್ ನೋಡುವ ಆಸೆ ಇದ್ದರೆ ಸೆಂಟ್ರೊದ ದೊಡ್ಡ ಮಾರ್ಕೆಟ್‌ಗಿಂತ ಮಿರಾಫ್ಲೋರೆಸ್ ಪಕ್ಕದ ಸುರ್ಕೀಯೊ ಮಾರ್ಕೆಟ್ ಆರಾಮ. ಆಲೂಗಡ್ಡೆಯ ಹುಟ್ಟೂರು ಆಂಡೀಸ್. ಹಾಸನದ ಹೊಲಕ್ಕೆ ಬಂದ ಗಡ್ಡೆಯ ಮೂಲವೂ ಅಲ್ಲೇ. ಹಳದಿ, ನೇರಳೆ, ಕಪ್ಪು, ಗಂಟು ಗಂಟಾದದ್ದು, ಬೆರಳಿನಂಥದ್ದು, ರಾಶಿ ರಾಶಿ ಇರುತ್ತವೆ. ಸೀತಾಫಲದ ಕುಲದ್ದೇ ಆದ ಚಿರಿಮೋಯಾ ಕಂಡರೆ ಬಿಡಬೇಡಿ. ಬೀಜ ಕಡಿಮೆ, ತಿರುಳು ಜಾಸ್ತಿ.

ಸಂಜೆ ಬೀದಿಬದಿಯಲ್ಲಿ ಪಿಕಾರೋನೆಸ್ ಮಾಡುವ ಹೆಂಗಸರು ಕಾಣುತ್ತಾರೆ. ಕುಂಬಳ, ಸಿಹಿಗೆಣಸು ಹಾಕಿ ಹುದುಗಿಸಿದ ಹಿಟ್ಟು. ಕೈ ಒದ್ದೆ ಮಾಡಿಕೊಂಡು ಒಂದು ಹಿಡಿ ತೆಗೆದು, ಹೆಬ್ಬೆರಳಲ್ಲಿ ನಡುವೆ ತೂತು ಮಾಡಿ ಕಾದ ಎಣ್ಣೆಗೆ ಬಿಡುವ ಚುರುಕು ನೋಡಿದರೆ ನಮ್ಮ ಉದ್ದಿನ ವಡೆ ಮಾಡುವವರೇ ಕಣ್ಣಿಗೆ ಬರುತ್ತಾರೆ. ಕಡ್ಡಿಯಲ್ಲಿ ತಿರುಗಿಸಿ ತೆಗೆದು ಬೆಲ್ಲದ ಪಾಕ ಸುರಿದು ಕೊಡುತ್ತಾರೆ. ಬಿಸಿಯಲ್ಲೇ ತಿನ್ನಿ.

ಯಾವಾಗ, ಹೇಗೆ, ಎಷ್ಟು ಹೊತ್ತು

ಬೆಂಗಳೂರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ದೂರವೋ, ಲಿಮಾ ದಕ್ಷಿಣಕ್ಕೆ ಹತ್ತಿರ ಹತ್ತಿರ ಅಷ್ಟೇ. ಹವೆ ಮಾತ್ರ ಬೇರೆ. ತೀರದುದ್ದಕ್ಕೂ ತಣ್ಣನೆಯ ಹಂಬೋಲ್ಟ್ ಪ್ರವಾಹ ಹರಿಯುವುದರಿಂದ ಮಳೆಯೇ ಬರುವುದಿಲ್ಲ ಅನ್ನಬಹುದು, ಬರೀ ಮೋಡ ಕಟ್ಟುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಡೀ ಆಕಾಶ ಬೂದಿ ಬಣ್ಣ. 'ಕತ್ತೆ ಹೊಟ್ಟೆ' ಅಂತ ಅವರೇ ಬೈದುಕೊಳ್ಳುತ್ತಾರೆ. ಬಿಸಿಲು ಬೇಕಾದರೆ ಡಿಸೆಂಬರ್‌ನಿಂದ ಏಪ್ರಿಲ್. ತೊಡಕು ಏನೆಂದರೆ, ಮಾಚು ಪಿಚುಗೆ ಒಳ್ಳೆಯ ಕಾಲ ಲಿಮಾಗೆ ಮಂಕು ಕಾಲ. ಇಬ್ಬರನ್ನೂ ಮೆಚ್ಚಿಸಲು ಆಗುವುದಿಲ್ಲ. ಮಾಚು ಪಿಚು ನೋಡಿಕೊಂಡು ತಿಂಗಳು ಹಿಡಿಯಿರಿ, ಮಂಕು ದಿನಗಳಲ್ಲಿ ಮಠ, ಮ್ಯೂಸಿಯಂ ಜಾಸ್ತಿ ಮಾಡಿ, ಕಡಲಂಚು ಕಡಿಮೆ ಮಾಡಿ. ಅಕ್ಟೋಬರ್‌ನಲ್ಲಿ ಹೋದರೆ ನೇರಳೆ ಬಟ್ಟೆ ತೊಟ್ಟ ಲಕ್ಷಾಂತರ ಜನ ಸೇರುವ, 'ಪವಾಡಗಳ ಒಡೆಯ' ಅಂತ ಕರೆಯುವ ಕ್ರಿಸ್ತನ ಮೆರವಣಿಗೆ ಸೆಂಟ್ರೊದಲ್ಲಿ ಸಿಗುತ್ತದೆ. ಅದೂ ಭೂಕಂಪದಲ್ಲಿ ಬೀಳದೆ ಉಳಿದ ಒಂದು ಗೋಡೆಚಿತ್ರದ ಹೆಸರಿನಲ್ಲೇ.

ಓಡಾಟಕ್ಕೆ ಮೆಟ್ರೊಪಾಲಿಟಾನೊ ಬಸ್ ಹಿಡಿಯಿರಿ. ತನ್ನದೇ ಪ್ರತ್ಯೇಕ ದಾರಿಯಲ್ಲಿ ಸೆಂಟ್ರೊ, ಮಿರಾಫ್ಲೋರೆಸ್, ಬರಾಂಕೊ ಮೂರನ್ನೂ ಕೂಡಿಸುತ್ತದೆ. ಟ್ರಾಫಿಕ್ ಕಟ್ಟಿಕೊಂಡಾಗ ಕಾರಿಗಿಂತ ಬೇಗ. ಒಂದೇ ಕಾರ್ಡ್‌ಗೆ ದುಡ್ಡು ಹಾಕಿಸಿ ಮನೆಯವರೆಲ್ಲ ಉಜ್ಜಬಹುದು. ಬೆಳಿಗ್ಗೆ, ಸಂಜೆ ನೂಕುನುಗ್ಗಲು, ಫೋನು ಒಳಜೇಬಿಗೆ ಹಾಕಿ. ಬೀದಿ ಟ್ಯಾಕ್ಸಿಗೆ ಮೀಟರ್ ಇಲ್ಲ, ಆ್ಯಪ್‌ನಲ್ಲಿ ಕರೆಯುವುದೇ ಸರಿ. ಭಾನುವಾರ ಬೆಳಿಗ್ಗೆ ಅರೆಕಿಪಾ ಅವೆನ್ಯೂನಲ್ಲಿ ಕಾರು ಬಿಡುವುದಿಲ್ಲ, ಸೈಕಲ್ ಬಾಡಿಗೆಗೆ ತೆಗೆದುಕೊಂಡು ಸುತ್ತಬಹುದು.

ಪೂರ್ತಿ ಎರಡು ದಿನ ಇದ್ದರೆ ಮೊದಲ ದಿನ ಬೆಳಿಗ್ಗೆ ಸೆಂಟ್ರೊ, ಒಂದು ಮಠ, ಚೀಫಾದಲ್ಲಿ ಊಟ, ಮಧ್ಯಾಹ್ನ ಲಾರ್ಕೊ. ಎರಡನೇ ದಿನ ಬರಾಂಕೊ, ಸಂಜೆ ಮಲೆಕೋನ್, ಕತ್ತಲಾದ ಮೇಲೆ ಪುಕ್ಲಾನಾ. ಒಂದೇ ದಿನ ಅಂದರೆ ಲಾರ್ಕೊ, ಬರಾಂಕೊ ಎರಡನ್ನೂ ಬಿಡಿ. ಬೆಳಿಗ್ಗೆ ಸೆಂಟ್ರೊ, ಮಧ್ಯಾಹ್ನದಿಂದ ಮಿರಾಫ್ಲೋರೆಸ್. ವಿಮಾನಗಳ ನಡುವೆ ಆರೇಳು ಗಂಟೆ ಮಾತ್ರ ಸಿಕ್ಕರೆ ಲಾರ್ಕೊಗೆ ಹೋಗಿ ಬನ್ನಿ. ಮಿರಾಫ್ಲೋರೆಸ್‌ಗಿಂತ ಅದು ವಿಮಾನ ನಿಲ್ದಾಣಕ್ಕೆ ಹತ್ತಿರ, ಅದರ ತೋಟದಲ್ಲೇ ಊಟವೂ ಆಗುತ್ತದೆ. ಅದಕ್ಕಿಂತ ಕಡಿಮೆ ಹೊತ್ತಿದ್ದರೆ ಹೊರಗೆ ಹೋಗುವ ಸಾಹಸ ಬೇಡ. 2025ರ ಜೂನ್‌ನಲ್ಲಿ ಹೊಸ ಟರ್ಮಿನಲ್ ಶುರುವಾಗಿದೆ. ಆದರೂ ಅಲ್ಲಿಗೆ ಹೋಗುವ ಕಾಯಾವೊ ರಸ್ತೆಗಳ ಟ್ರಾಫಿಕ್ ಹಳೆಯದೇ. ಸಂಜೆ ವಿಮಾನವಾದರೆ ಮಿರಾಫ್ಲೋರೆಸ್‌ನಿಂದ ದಾರಿಗೇ ಎರಡು ಗಂಟೆ ಎತ್ತಿಟ್ಟುಕೊಂಡು ಹೊರಡಿ.